ಜವಾರಿ ಕೆಡಿಸಬ್ಯಾಡ್ರಿ

ಅಂಗಡಿ ಮುಚ್ಚಿದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ತೆರೆದಿದ್ದಾಗ ಇಷ್ಟು ಮಂದಿ ಬಂದಿದ್ದರೆ ಮುಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ. ಬರುವವರೆಲ್ಲ ಹೊಸಬರು. ಯಾರದೋ ಅಟ್ಟದ ಮೇಲೆ ಬಿದ್ದಿದ್ದ ಸಿಂಥಸೈಜರ್ ಎಂಬ ಹಳೆಯ ಕರೆಂಟಿನ ಕೀಬೋರ್ಡು ಒಂದನ್ನು ಹೊತ್ತು ತರುತ್ತಾರೆ, ಇದನ್ನು ಬಿಚ್ಚಿ ದುರಸ್ತಿ ಮಾಡುವುದು ಕಲಿಸಿರಿ ಅನ್ನುತ್ತಾರೆ. ಅದೇ ವಾದ್ಯದ ಧ್ವನಿ ಅವರ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಅದು ಬೇಡವಂತೆ, ಇದೇ ಬೇಕಂತೆ. ಯಾಕೆ ಎಂದು ಕೇಳಿದರೆ, ಇದರಾಗ ಏನೋ ಐತ್ರಿ ಅನ್ನುತ್ತಾರೆ. ಆ 'ಏನೋ' ಎಂದರೆ ಏನು ಎಂಬುದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ತಿಳಿಸಿದ್ದೂ ಪುಸ್ತಕವಲ್ಲ, ನಾನೇ ಮಾಡಿದ ಒಂದು ತಪ್ಪು. ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ. ದಾರಿಯಲ್ಲಿ ಒಂದೆರಡು ಚಿಕ್ಕ ತಪ್ಪುಗಳೂ ಸಿಗುತ್ತವೆ, ಅವನ್ನು ಕೊಸರು ಎಂದು ತಿಳಿಯಿರಿ.

ನಾನು ಮೂಲತಃ ಪೇಟಿ ಮೇಸ್ತ್ರಿ. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಹಾವೇರಿಯಲ್ಲಿ ಗುರುಶಾಂತಪ್ಪ ಎಂಬವರ ಕೈಕೆಳಗೆ ಆರು ವರ್ಷ ಕೆಲಸ ಮಾಡಿದೆ. ಪೇಟಿಯೊಳಗೆ ಹಿತ್ತಾಳೆಯ ಸಣ್ಣ ನಾಲಿಗೆಗಳಿರುತ್ತವೆ. ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು ಮನೆ, ಅಂದರೆ ಬೆರಳಿಡುವ ಪಟ್ಟಿ, ಒತ್ತಿದರೆ ಎರಡು ನಾಲಿಗೆ ಒಟ್ಟಿಗೆ ಮಾತಾಡುವ ಪೇಟಿಯಲ್ಲಿ ಅವೆರಡೂ ಕೂದಲೆಳೆಯಷ್ಟು ಹೊಂದದಿದ್ದರೂ ಸ್ವರ ನಿಂತಲ್ಲಿ ನಿಲ್ಲದೆ ತೂಗುತ್ತದೆ. ಆ ತೂಗಾಟ ಪೂರ್ತಿ ನಿಲ್ಲುವವರೆಗೆ ಗುರುಶಾಂತಪ್ಪನವರು ನನ್ನನ್ನು ಊಟಕ್ಕೆ ಬಿಡುತ್ತಿರಲಿಲ್ಲ. ತಾವು ಹೊರಗೆ ಗಿರಾಕಿಗಳ ಜೊತೆ ಚಹಾ ಕುಡಿಯುತ್ತ ಊರಿನ ಸುದ್ದಿ ಮಾತಾಡುತ್ತಿದ್ದರು. ಕಿವಿ ಮಾತ್ರ ಒಳಗಿರುತ್ತಿತ್ತು. ನಡುವೆ ಮಾತು ನಿಲ್ಲಿಸಿ, ಇನ್ನೂ ಅಲಗಾಡಾಕತ್ತೈತಿ ಎಂದು ಕೂಗಿ ಮತ್ತೆ ಸುದ್ದಿ ಮುಂದುವರಿಸುತ್ತಿದ್ದರು. ಆರು ವರ್ಷ ಹೀಗೆ ಹಸಿದುಕೊಂಡು ಕಲಿತವನಿಗೆ ಸ್ವರದ ಅಲುಗಾಟ ಎಂದರೆ ಹುಟ್ಟುಹಗೆ. ನನ್ನ ಕಿವಿ ಒಳ್ಳೆಯದು ಎಂಬ ಸೊಕ್ಕೂ ಅಲ್ಲೇ ಬಂತು.

ನಾನು ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಸ್ವಂತ ಅಂಗಡಿ ಇಟ್ಟಾಗ ಆರ್ಕೆಸ್ಟ್ರಾಗಳ ಕಾಲ. ಗಣಪತಿ ಕೂಡಿಸಿದರೆ ಆರ್ಕೆಸ್ಟ್ರಾ, ಮದುವೆಯಾದರೆ ಆರ್ಕೆಸ್ಟ್ರಾ, ಸಂಘ ಉದ್ಘಾಟನೆಯಾದರೂ ಆರ್ಕೆಸ್ಟ್ರಾ. ಪೇಟಿ ಜಾಗದಲ್ಲಿ ಕೀಬೋರ್ಡು ಬಂದು ಕುಳಿತಿತು. ನಾನು ರೇಡಿಯೋ ರಿಪೇರಿಯ ಕೋರ್ಸು ಮುಗಿಸಿದ್ದರಿಂದ ಅವು ಕೆಟ್ಟರೆ ನನ್ನ ಹತ್ತಿರವೇ ಬರುತ್ತಿದ್ದವು. ಮೊದಮೊದಲು ಬಂದ ಸಿಂಥಸೈಜರುಗಳಿಗೆ ಒಂದೇ ಗಂಟಲು. ಎರಡು ಮನೆ ಒತ್ತಿದರೆ ಒಂದೇ ಮಾತಾಡುತ್ತಿತ್ತು. ಆಮೇಲೆ ಪಾಲಿಫೋನಿಕ್ ಎಂಬ ಜಾತಿಯವು ಬಂದವು. ನಾಲ್ಕು, ಆರು, ಎಂಟು ಸ್ವರ ಒಟ್ಟಿಗೆ ನುಡಿಯುವಂಥವು. ಬೊಂಬಾಯಿಯ ಸ್ಟುಡಿಯೋಗಳಲ್ಲಿ ದುಡಿದು ಸವೆದು, ಮೂರನೆಯ ಕೈಗೋ ನಾಲ್ಕನೆಯ ಕೈಗೋ ನಮ್ಮೂರಿಗೆ ಬರುತ್ತಿದ್ದವು.

ಅಂಥದ್ದೊಂದನ್ನು ಮೊದಲ ಸಲ ಬಿಚ್ಚಿದ್ದು ಬ್ಯಾಡಗಿಯ ಒಂದು ಆರ್ಕೆಸ್ಟ್ರಾಕ್ಕಾಗಿ. ಹತ್ತು ಹನ್ನೆರಡು ಮನೆಗಳು ಒತ್ತಿದರೆ ಮಾತಾಡುತ್ತಿರಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಮನೆಗಳ ಕೆಳಗೆ ಕೆಂಪಗೆ ಧೂಳು. ಪೇಟಿಯ ಧೂಳು ಹಾರಿಸುವ ರೂಢಿಯಂತೆ ಬಗ್ಗಿ ಬಾಯಿಂದ ಜೋರಾಗಿ ಊದಿದೆ. ಆಮೇಲೆ ಒಂದು ತಾಸು ನಾನು ಏನು ಮಾಡಿದೆನೋ ನನಗೆ ಗೊತ್ತಿಲ್ಲ, ಪಕ್ಕದ ಸೈಕಲ್ ಅಂಗಡಿಯವರು ಕೊಡ ನೀರು ತಂದು ಮುಖಕ್ಕೆ ಸುರಿದರಂತೆ. ಆರ್ಕೆಸ್ಟ್ರಾದ ಯಜಮಾನ ಮೆಣಸಿನಕಾಯಿ ವ್ಯಾಪಾರಿ, ವಾದ್ಯವನ್ನು ಗೋದಾಮಿನಲ್ಲೇ ಚೀಲಗಳ ಮೇಲೆ ಇಡುತ್ತಿದ್ದರು. ನನ್ನ ಬಾತ ಕಣ್ಣು ನೋಡಿ ಅವರಿಗೆ ಕನಿಕರವೇನೂ ಆಗಲಿಲ್ಲ. "ನಮ್ಮ ಬ್ಯಾಡಗಿ ಕಾಯಿ ಖಾರನ ಇಲ್ರಿ ಮೇಸ್ತ್ರಿ, ಬರೇ ಬಣ್ಣ," ಅಂದರು. ಯಾವ ಯಂತ್ರ ಬಂದರೂ ಅದು ಎಲ್ಲಿ ಮಲಗುತ್ತದೆ ಎಂದು ಮೊದಲು ಕೇಳಿರಿ.

ಇನ್ನೊಂದು ಗುತ್ತಲದ್ದು. ಅಲ್ಲಿಯ ಒಬ್ಬರ ಸಿಂಥಸೈಜರ್ ಕಾರ್ಯಕ್ರಮದ ನಡುವೆ ಇದ್ದಕ್ಕಿದ್ದಂತೆ ಶ್ರುತಿ ಇಳಿಯುತ್ತಿತ್ತು. ಎರಡು ಸಲ ನನ್ನಲ್ಲಿಗೆ ತಂದರು. ನಾನು ಎರಡು ದಿನ ಬಾರಿಸಿ ನೋಡಿದರೂ ಅದು ಬಂಗಾರದಂತೆ ನಡೆಯುತ್ತಿತ್ತು. ಮೂರನೆಯ ಸಲ ನಾನೇ ಗುತ್ತಲಕ್ಕೆ ಹೋಗಿ ವೇದಿಕೆಯ ಹಿಂದೆ ಮೀಟರ್ ಹಿಡಿದು ಕುಳಿತೆ. ನಾಲ್ಕು ಗಂಟೆಗೆ ಹೊಲಗಳಿಗೆ ಕರೆಂಟ್ ಬಿಟ್ಟರು, ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದವು, ಮೀಟರಿನ ಮುಳ್ಳು ಮಲಗಿತು, ಗಾಯಕರು ಕಂಗಾಲಾಗಿ ನನ್ನ ಕಡೆ ನೋಡಿದರು. ರೋಗ ಯಂತ್ರದಲ್ಲಿರಲಿಲ್ಲ, ಊರಿನ ತಂತಿಯಲ್ಲಿತ್ತು. ಒಂದು ಸ್ಟೆಬಿಲೈಜರ್ ಕೂಡಿಸಿದ ಮೇಲೆ ಆ ತಕರಾರು ಮತ್ತೆ ಬರಲಿಲ್ಲ.

ಇಷ್ಟು ಕಂಡ ಮೇಲೆ ನನಗೆ ಈ ಜಾತಿಯ ಯಂತ್ರ ಪೂರ್ತಿ ತಿಳಿಯಿತು ಎಂದುಕೊಂಡೆ. ಅಂಥ ಹೊತ್ತಿನಲ್ಲಿ ಮಕ್ತುಮ್‌ಸಾಬರ ಯಂತ್ರ ಬಂತು.

ಮಕ್ತುಮ್‌ಸಾಬರು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ರಜೆ ದಿನ ಕೀಬೋರ್ಡು ನುಡಿಸುತ್ತಿದ್ದರು. ತೆಳ್ಳನೆಯ ಆಳು, ಮಾತು ಕಡಿಮೆ. ಅವರಲ್ಲಿದ್ದದ್ದು ಆರು ಧ್ವನಿಯ ಜಪಾನಿ ಸಿಂಥಸೈಜರ್. ಪಾಳಿ ಬಿಟ್ಟು ಬರಲಾಗದೆ ಅದನ್ನು ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿ ಕಳಿಸಿದ್ದರು. ಕೌದಿಯೊಳಗೆ ಒಂದು ಚೀಟಿ ಇತ್ತು. ಎರಡು ಮನೆ ಮಾತಾಡುವುದಿಲ್ಲ, ಅದನ್ನಷ್ಟು ನೋಡಿರಿ ಎಂದು ಮೊದಲ ಸಾಲು. ಜವಾರಿ ಕೆಡಿಸಬ್ಯಾಡ್ರಿ ಎಂದು ಎರಡನೆಯ ಸಾಲು.

ನಮ್ಮ ಕಡೆ ಜವಾರಿ ಎಂದರೆ ನಾಟಿ. ಜವಾರಿ ಕೋಳಿ, ಜವಾರಿ ಬದನೆಕಾಯಿ, ಜವಾರಿ ಸವತೆಕಾಯಿ. ನಮ್ಮ ರಿಪೇರಿ ಧಂದೆಯಲ್ಲಿ ಕಂಪನಿಯದ್ದಲ್ಲದ, ಇಲ್ಲಿಯೇ ತಯಾರಾದ ಬಿಡಿಭಾಗಕ್ಕೂ ಜವಾರಿ ಪಾರ್ಟು ಎಂದೇ ಹೆಸರು. ಮುಚ್ಚಳ ತೆಗೆದಾಗ ಯಾರೋ ಹಿಂದೆ ಹಾಕಿದ್ದ ಅಂಥ ಎರಡು ಭಾಗ ಕಂಡವು. ಚೀಟಿ ಹೇಳುತ್ತಿರುವುದು ಇವನ್ನೇ ಎಂದು ನಾನು ತಿಳಿದೆ. ಅವನ್ನು ಮುಟ್ಟಲಿಲ್ಲ, ಬ್ರಷ್‌ನಿಂದ ಧೂಳು ಒರೆಸಿ ಅಲ್ಲೇ ಬಿಟ್ಟೆ. ಇಷ್ಟು ನಾಜೂಕಾಗಿ ಗಿರಾಕಿಯ ಮಾತು ನಡೆಸಿದವ ನಾನೊಬ್ಬನೇ ಇರಬೇಕು ಎಂದು ಖುಷಿಯೂ ಆಯಿತು.

ಎರಡು ಮನೆಗಳ ಕೆಲಸ ಅರ್ಧ ತಾಸಿನಲ್ಲಿ ಮುಗಿಯಿತು. ಅಲ್ಲಿಗೆ ಮುಚ್ಚಳ ಮುಚ್ಚಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮುಚ್ಚುವ ಮೊದಲು ಒಂದೇ ಮನೆಯನ್ನು ಮತ್ತೆ ಮತ್ತೆ ಒತ್ತಿ ನೋಡಿದೆ. ಒಂದೊಂದು ಸಲ ಒಂದೊಂದು ನಮೂನೆ ಕೇಳಿತು.

ಯಾಕೆ ಹಾಗೆ ಎಂಬುದನ್ನು ಇಲ್ಲಿ ಹೇಳಬೇಕು. ಆರು ಧ್ವನಿಯ ಯಂತ್ರದೊಳಗೆ ಒಂದೇ ತರಹದ ಆರು ವಿದ್ಯುತ್ ಮಂಡಲಗಳಿರುತ್ತವೆ, ಒಂದೊಂದೂ ಒಂದು ಧ್ವನಿ. ಪ್ರತಿಯೊಂದರಲ್ಲೂ ಸ್ವರ ಹುಟ್ಟಿಸುವ ಭಾಗ ಒಂದು, ಆ ಸ್ವರದ ಚೂಪು ತೆಗೆದು ಮೆತ್ತಗೆ ಮಾಡುವ ಫಿಲ್ಟರ್ ಒಂದು, ಸ್ವರ ಎಷ್ಟು ಬೇಗ ಎದ್ದು ಎಷ್ಟು ನಿಧಾನ ಮಲಗಬೇಕು ಎಂದು ನೋಡಿಕೊಳ್ಳುವ ಭಾಗ ಒಂದು. ನೀವು ಮನೆ ಒತ್ತಿದಾಗಲೆಲ್ಲ ಯಂತ್ರ ಆ ಕೆಲಸವನ್ನು ಪಾಳಿಯ ಮೇಲೆ ಹಂಚುತ್ತದೆ. ಮೊದಲ ಒತ್ತು ಒಂದನೆಯದಕ್ಕೆ, ಎರಡನೆಯ ಒತ್ತು ಎರಡನೆಯದಕ್ಕೆ. ಆರು ಮುಗಿದ ಮೇಲೆ ಮತ್ತೆ ಒಂದು. ಆರೂ ಒಂದೇ ನಕ್ಷೆಯಲ್ಲಿ ಹುಟ್ಟಿದವೇ. ಆದರೆ ಒಳಗಿನ ಭಾಗಗಳು ಒಂದರಂತೆ ಒಂದು ಇರುವುದಿಲ್ಲ, ಕಾವು ಏರಿದಂತೆ ಒಂದೊಂದೂ ತನ್ನ ದಾರಿ ಹಿಡಿಯುತ್ತದೆ. ಅವನ್ನು ಹದಕ್ಕೆ ತರಲು ಒಂದೊಂದಕ್ಕೂ ನಾಲ್ಕಾರು ಸಣ್ಣ ತಿರುಪುಗಳನ್ನು ಇಟ್ಟಿರುತ್ತಾರೆ.

ನನಗೆ ಆ ಆರು ಧ್ವನಿಗಳ ನಡುವಿನ ಅಲುಗಾಟ ಕೇಳಿಸಿತು. ಊಟ ಸೇರಲಿಲ್ಲ. ಯಾರೂ ಹೇಳದಿದ್ದರೂ ಒಂದು ಇಡೀ ದಿನ ಕುಳಿತು ಆರನ್ನೂ ಒಂದೇ ತೂಕಕ್ಕೆ ತಂದೆ. ಸಂಜೆಗೆ ಯಾವ ಒತ್ತು ಯಾವುದರದ್ದು ಎಂದು ನನಗೂ ಗುರುತು ಹತ್ತದಂತೆ ಆಯಿತು. ತಿರುಪುಗಳು ಮೊದಲು ಎಲ್ಲಿದ್ದವು ಎಂದು ಬರೆದಿಡಲಿಲ್ಲ. ಯಾಕೆ ಬರೆದಿಡಲಿ? ತಪ್ಪು ಎಲ್ಲಿತ್ತು ಎಂದು ಯಾರಾದರೂ ಬರೆದಿಡುತ್ತಾರೆಯೇ? ಪುಕ್ಕಟೆಯಾಗಿ ಶ್ರುತಿ ಮಾಡಿದ್ದೇನೆ ಎಂದು ಚೀಟಿಯ ಹಿಂದೆ ಬರೆದು ಅದೇ ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿದೆ.

ಬುಧವಾರ ಮಧ್ಯಾಹ್ನ ಮಕ್ತುಮ್‌ಸಾಬರು ಯಂತ್ರ ಹೊತ್ತುಕೊಂಡು ಅಂಗಡಿಗೆ ಬಂದರು. ಜೊತೆಗೆ ಒಬ್ಬ ಹೆಣ್ಣುಮಗಳು ಇದ್ದರು. ಅವರು ಬ್ಯಾಡಗಿಯಲ್ಲಿ ಸಾಲಿ ಕಲಿಸುವ ಶಾಂತಕ್ಕ. ಕದರಮಂಡಲಗಿಯ ಹನುಮಪ್ಪನ ಮೇಲೆ ತಾವೇ ಹಾಡು ಕಟ್ಟಿ ಹಾಡುತ್ತಿದ್ದವರು. ಅವರ ಎಂಟು ಹಾಡುಗಳ ಕ್ಯಾಸೆಟ್ ತರಲು ಹಾವೇರಿಯ ಕ್ಯಾಸೆಟ್ ಅಂಗಡಿಯವರೊಬ್ಬರು ಒಪ್ಪಿದ್ದರು. ಮೊದಲ ಮಗ್ಗುಲಿನ ನಾಲ್ಕು ಹಾಡು ಮಕ್ತುಮ್‌ಸಾಬರ ಈ ಯಂತ್ರದ ಜೊತೆಯಲ್ಲಿ ಆಗಲೇ ಧ್ವನಿಮುದ್ರಣವಾಗಿದ್ದವು. ಎರಡನೆಯ ಮಗ್ಗುಲಿಗೆ ಬರುವ ಭಾನುವಾರ ಗೊತ್ತಾಗಿತ್ತು. ಅದನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಶಾಂತಕ್ಕನ ಗಂಟಲಲ್ಲಿ ಗಡ್ಡೆ ಬೆಳೆದಿತ್ತು, ಮರುವಾರವೇ ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ. ಆಮೇಲೆ ಹಾಡುವ ಧ್ವನಿ ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇದನ್ನೆಲ್ಲ ಹೇಳಿದ್ದು ಮಕ್ತುಮ್‌ಸಾಬರು. ಶಾಂತಕ್ಕ ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದರು.

ಮಕ್ತುಮ್‌ಸಾಬರು ಯಂತ್ರ ಹಚ್ಚಿ ಒಂದು ಹಾಡಿನ ಆರಂಭ ನುಡಿಸಿದರು. ಶಾಂತಕ್ಕ ಎತ್ತಿಕೊಂಡು ಒಂದು ಸಾಲು ಹಾಡಿ ನಿಂತರು. ಮತ್ತೆ ಎತ್ತಿಕೊಂಡರು, ಮತ್ತೆ ನಿಂತರು. ಯಂತ್ರದ ಶ್ರುತಿ ಹೇಗಿದೆ ಎಂದು ನಾನು ಕೇಳಿದೆ. ಹೊಗಳಿಕೆ ಬರುತ್ತದೆ ಎಂದು ಕಾಯುತ್ತಿದ್ದೆ.

"ಶ್ರುತಿ ಛಲೋ ಐತ್ರಿ," ಅಂದರು ಶಾಂತಕ್ಕ. "ಮೊದಲ ನಾ ಹಾಡುವಾಗ ಹಿಂದ ಐದಾರು ಮಂದಿ ನಿಂತಂಗ ಇರ್ತಿತ್ತು. ಈಗ ಒಬ್ಬಾಕೀನ ನಿಂತೇನಿ ಅನಸ್ತೈತಿ."

ಖರೇ ಹೇಳುತ್ತೇನೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ಬಾಯಿತನಕ ಬಂದಿತ್ತು. ಗಂಟಲಲ್ಲಿ ಗಡ್ಡೆ ಇಟ್ಟುಕೊಂಡು ಕುಳಿತ ಹೆಣ್ಣುಮಗಳಿಗೆ ಅದನ್ನು ಅನ್ನಲಿಲ್ಲ ಎಂಬುದೊಂದೇ ನನ್ನ ಪುಣ್ಯ.

ಚೀಟಿ ಓದಲಿಲ್ಲವೇ ಎಂದು ಮಕ್ತುಮ್‌ಸಾಬರು ಮೆತ್ತಗೆ ಕೇಳಿದರು. ಓದಿದೆ, ಜವಾರಿ ಪಾರ್ಟುಗಳನ್ನು ಮುಟ್ಟಿಲ್ಲ ಎಂದು ಮುಚ್ಚಳ ತೆಗೆದು ಅವೆರಡನ್ನೂ ತೋರಿಸಿದೆ. ಅವರು ಅವನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

"ಆ ಜವಾರಿ ಅಲ್ರಿ ಮೇಸ್ತ್ರಿ," ಅಂದರು. "ತಂಬೂರಿ ಜವಾರಿ."

ಮಕ್ತುಮ್‌ಸಾಬರ ತಂದೆ ತಂಬೂರಿ ಸುಧಾರಿಸುವವರಾಗಿದ್ದರು. ತಂಬೂರಿಯ ತಂತಿಗಳನ್ನು ಹೊರುವ ಕುದುರೆ ಎಂಬ ಕಟ್ಟೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಸೇರಿಸಿ, ಅದನ್ನು ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ಸಪ್ಪಗಿದ್ದ ತಂತಿ ಝೇಂಕರಿಸತೊಡಗುತ್ತದೆ. ತಂತಿ ಕುದುರೆಯನ್ನು ಮುಟ್ಟಿಯೂ ಮುಟ್ಟದಂತೆ ಇದ್ದಾಗ ಹುಟ್ಟುವ ಆ ಝೇಂಕಾರಕ್ಕೆ ಜವಾರಿ ಎಂದು ಹೆಸರು. ನಾನು ಪೇಟಿಯವನು. ಪೇಟಿಯಲ್ಲಿ ಜವಾರಿ ಇಲ್ಲ. ಆ ಶಬ್ದ ಕೇಳಿ ಗೊತ್ತಿದ್ದರೂ ಚೀಟಿ ಓದಿದಾಗ ನೆನಪಾಗಿದ್ದು ಕೋಳಿ ಮತ್ತು ಬದನೆಕಾಯಿ. ಆರು ಧ್ವನಿಗಳು ಒಂದಕ್ಕೊಂದು ಮುಟ್ಟಿಯೂ ಮುಟ್ಟದಂತೆ ಇದ್ದದ್ದೇ ಆ ಯಂತ್ರದ ಜೀವವಾಗಿತ್ತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕುಳಿತಿದ್ದೆ.

ಬೇರೆ ಕೀಬೋರ್ಡು ತಂದರೆ ಆಗುವುದಿಲ್ಲವೇ ಎಂದು ಕೇಳಿದೆ. ಕ್ಯಾಸೆಟ್ಟಿನ ಎರಡು ಮಗ್ಗುಲು ಎರಡು ನಮೂನೆ ಕೇಳಿದರೆ ತರುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರಂತೆ. ಅದೂ ಇರಲಿ, ಶಾಂತಕ್ಕನಿಗೆ ಬೇರೆಯದರ ಜೊತೆ ಕೂಡುತ್ತಿರಲಿಲ್ಲ. ಅಂದರೆ ನಾನು ತಿರುಗಿಸಿದ ತಿರುಪುಗಳು ಮೊದಲಿದ್ದಲ್ಲಿಗೆ ಹೋಗದಿದ್ದರೆ ಆ ನಾಲ್ಕು ಹಾಡುಗಳು ಎಂದಿಗೂ ಆಗದೆ ಹೋಗಬಹುದಿತ್ತು. ಶನಿವಾರದೊಳಗೆ ಮಾಡಿಕೊಡುತ್ತೇನೆ ಎಂದೆ. ಹೇಗೆ ಎಂಬುದು ನನಗೆ ಗೊತ್ತಿರಲಿಲ್ಲ.

ಮಕ್ತುಮ್‌ಸಾಬರು ಮೊದಲ ಮಗ್ಗುಲಿನ ಒಂದು ನಕಲು ಟೇಪು ಬಿಟ್ಟುಹೋಗಿದ್ದರು. ಗುರುವಾರ ಬೆಳಗಿನಿಂದ ಅದನ್ನು ಕೇಳುತ್ತ ಕುಳಿತೆ. ಮೊದಲು ಟೇಪಿನ ಸ್ವರಕ್ಕೆ ಯಂತ್ರದ ಸ್ವರ ಹೊಂದಿಸಲು ಹೋಗಿ ಅರ್ಧ ದಿನ ಹಾಳು ಮಾಡಿದೆ. ನನ್ನ ಟೇಪ್‌ರೆಕಾರ್ಡರ್ ತನಗೆ ತಿಳಿದ ವೇಗದಲ್ಲಿ ತಿರುಗುತ್ತಿತ್ತು, ಅದರ ಸ್ವರವನ್ನು ನಂಬುವಂತಿರಲಿಲ್ಲ. ಆಮೇಲೆ ಬುದ್ಧಿ ಬಂತು. ಟೇಪಿನ ಸ್ವರ ಸುಳ್ಳಾದರೂ ಆರು ಧ್ವನಿಗಳ ನಡುವಿನ ಅಂತರ ಸುಳ್ಳಾಗುವುದಿಲ್ಲ. ಆರೂ ಒಂದರ ಹಿಂದೊಂದು ಒಂದೇ ಸ್ವರ ನುಡಿಯುವ ಜಾಗ ಸಿಕ್ಕರೆ ಸಾಕು. ಎರಡನೆಯ ಹಾಡಿನಲ್ಲಿ ಸಿಕ್ಕಿತು. ಗುಡಿಯ ಗಂಟೆ ಹೊಡೆದಂತೆ ಮಕ್ತುಮ್‌ಸಾಬರು ಒಂದೇ ಮನೆಯನ್ನು ಹನ್ನೆರಡು ಸಲ ಒತ್ತಿದ್ದರು. ಎರಡು ಸುತ್ತು ಪೂರಾ.

ಆ ಹನ್ನೆರಡು ಒತ್ತುಗಳನ್ನು ನಾನು ಎಷ್ಟು ಸಲ ಕೇಳಿದೆನೋ. ಮೊದಲನೆಯದು ನೆಟ್ಟಗೆ. ಎರಡನೆಯದು ಕೊಂಚ ಮೇಲೆ. ಮೂರನೆಯದರ ಫಿಲ್ಟರ್ ಅರ್ಧ ಮುಚ್ಚಿದಂತೆ, ಕಂಬಳಿ ಹೊದ್ದು ಮಾತಾಡಿದಂತೆ. ನಾಲ್ಕನೆಯದು ಏಳಲು ತಡ. ಐದನೆಯದು ಕೆಳಗೆ, ಅದೂ ಬಹಳ ಸಣ್ಣ ಅಳತೆ. ಆರನೆಯದು ಮೇಲೆ ಮತ್ತು ಸ್ವಲ್ಪ ಚೂಪು. ಒಂದೊಂದೇ ಕೇಳಿದರೆ ಐದು ತಪ್ಪುಗಳು. ಕೂಡಿಸಿ ಕೇಳಿದರೆ ಶಾಂತಕ್ಕ ಹೇಳಿದ ಹಾಗೆ ಐದಾರು ಮಂದಿ. ಭಜನೆಯಲ್ಲಿ ಆರು ಮಂದಿ ಒಂದೇ ಸಾಲು ಹಾಡಿದರೂ ಆರು ಗಂಟಲು ಕೇಳುತ್ತವಲ್ಲ, ಹಾಗೆ. ಹೊಸಬರೇ, ನೀವು ಕೇಳುವ 'ಏನೋ' ಇದು. ಈಗಿನ ಯಂತ್ರ ಒಂದು ಗಂಟಲನ್ನೇ ಆರು ಸಲ ನಕಲು ಮಾಡುತ್ತದೆ.

ಪೇಟಿಯ ನಾಲಿಗೆಯೊಂದನ್ನು ಆಧಾರ ಇಟ್ಟುಕೊಂಡು, ತೂಗಾಟ ಎಣಿಸುತ್ತ, ಒಂದೊಂದನ್ನೇ ಅದರ ಹಳೆಯ ತಪ್ಪಿಗೆ ಮರಳಿಸಿದೆ. ತೂಗಾಟ ಕೊಲ್ಲಲು ಕಲಿತ ಕಿವಿಯಿಂದಲೇ ಅದನ್ನು ಹುಟ್ಟಿಸುವ ಕೆಲಸ. ಶನಿವಾರ ಮಧ್ಯಾಹ್ನಕ್ಕೆ ಐದು ಆದವು. ಆರನೆಯದೂ ಆಗುತ್ತ ಬಂದಿತ್ತು. ಸ್ವರಗಳು ಮೇಲೇರಿದಂತೆ ಮೆಟ್ಟಿಲು ಸಮ ಇರಲೆಂದು ನೋಡಿಕೊಳ್ಳುವ ತಿರುಪು ಒಂದಿರುತ್ತದೆ. ಅದಕ್ಕೆ ಇನ್ನೊಂದು ಎಳೆ ಸಾಕು ಎಂದು ತಿರುಗಿಸಿದೆ. ಟಕ್ ಎಂದಿತು. ತಿರುಪಿನ ಪ್ಲಾಸ್ಟಿಕ್ ಗಾಲಿ ಎರಡು ಹೋಳಾಗಿ ನನ್ನ ಬೆರಳಿನ ಮೇಲೆ ಬಿತ್ತು.

ಅಂಥದು ರಾಣೆಬೆನ್ನೂರಿನಲ್ಲಿ ಸಿಗುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಬರಲು ಹೊತ್ತಿರಲಿಲ್ಲ. ಡಬ್ಬಿಯಲ್ಲಿ ಹುಡುಕಿ ಹತ್ತಿರದ ಅಳತೆಯ ಒಂದು ರೆಸಿಸ್ಟರನ್ನು ಆ ಜಾಗಕ್ಕೆ ಬೆಸೆದೆ. ಕೆಳಗಿನ ಮನೆಗಳಲ್ಲಿ ಆರನೆಯ ಧ್ವನಿ ಸರಿಯಾಗಿ ನುಡಿಯಿತು. ನಡುವಿನಿಂದ ಮೇಲೆ ಹೋದಂತೆ ಹಳಿ ತಪ್ಪಿತು. ಜವಾರಿಯ ಮಾತಲ್ಲ, ಅಪ್ಪಟ ಬೇಸುರ.

ಸಂಜೆ ಐದಕ್ಕೆ ಮಕ್ತುಮ್‌ಸಾಬರು ಬಂದರು. ಇಲ್ಲಿಯವರೆಗಿನದು ತಪ್ಪು. ಇನ್ನು ಬರೆಯುವುದು ಪಾಪ. ನಾನು ತಿರುಪು ಮುರಿದದ್ದನ್ನು ಹೇಳಲಿಲ್ಲ. ನನ್ನ ಕಿವಿಯ ಹೆಸರು ಹೋಗುತ್ತದೆ ಎಂದು ಹೇಳಲಿಲ್ಲ. ಕೇಳಿರಿ ಎಂದು ಬರೀ ಕೆಳಗಿನ ಮನೆಗಳನ್ನು ನುಡಿಸಿ ತೋರಿಸಿದೆ. ಅವರು ತಲೆದೂಗಿದರು. ಆಮೇಲೆ ತಾವೇ ಕೈ ಚಾಚಿ ಮೇಲಿನ ಒಂದು ಮನೆಯನ್ನು ನಿಧಾನಕ್ಕೆ ಆರು ಸಲ ಒತ್ತಿದರು. ಆರನೆಯದಕ್ಕೆ ಬೆರಳು ನಿಂತಿತು. ಮತ್ತೆ ಆರು ಸಲ ಒತ್ತಿದರು. ನಾನು ಟೇಬಲ್ಲಿನ ಮೇಲಿನ ಕಸ ಒರೆಸುತ್ತಿದ್ದೆ, ಅಲ್ಲಿ ಕಸ ಇರಲಿಲ್ಲ. ಸರಿ ಆತ್ರಿ ಎಂದು ಅವರು ಯಂತ್ರವನ್ನು ಕೌದಿಯಲ್ಲಿ ಸುತ್ತಿದರು. ನಾಳೆ ನೀವೂ ಬರ್ರಿ ಎಂದು ಕರೆದರು.

ಹೋಗಬಾರದು ಎಂದುಕೊಂಡೆ. ಭಾನುವಾರ ಬೆಳಗಿನ ಬಸ್ಸಿಗೆ ಹೋಗಿಯೇ ಹೋದೆ. ಹಾವೇರಿಯ ಕ್ಯಾಸೆಟ್ ಅಂಗಡಿಯ ಮಹಡಿಯ ಮೇಲೆ ಗೋಡೆಗೆ ಗಾದಿ ಬಡಿದು ಒಂದು ಖೋಲಿ ಮಾಡಿದ್ದರು. ಮಕ್ತುಮ್‌ಸಾಬರ ಕಣ್ಣು ಕೆಂಪಗಿದ್ದವು. ಶಾಂತಕ್ಕ ಮೈಕಿನ ಮುಂದೆ ನಿಂತು ಒಂದು ಗುಟುಕು ಬಿಸಿನೀರು ಕುಡಿದರು. ನಾನು ಮೂಲೆಯಲ್ಲಿ ಕುಳಿತು ಆರನೆಯ ಒತ್ತಿಗಾಗಿ ಕಾದೆ. ಮೊದಲ ಹಾಡಿನ ಮೊದಲ ಸಾಲಿನಲ್ಲಿಯೇ ಮಾನ ಹೋಗುತ್ತದೆ ಎಂದು ಗೊತ್ತಿತ್ತು.

ಒಂದು, ಎರಡು, ಮೂರು, ನಾಲ್ಕು, ಐದು ಒತ್ತುಗಳು ಮೇಲೆ ನಡೆದವು. ಆರನೆಯದಕ್ಕೆ ಮಕ್ತುಮ್‌ಸಾಬರ ಎಡಗೈ ಕೆಳಗಿಳಿಯಿತು. ಎಲ್ಲಕ್ಕಿಂತ ಕೆಳಗಿನ ಮನೆಗಳಲ್ಲೊಂದನ್ನು ಒತ್ತಿ ಬಿಟ್ಟಿತು. 'ಧಂ' ಎಂದು ತುಂಬಿದ ಒಂದು ಮಂದ್ರ ಸ್ವರ. ಮತ್ತೆ ಐದು ಮೇಲೆ, ಆರನೆಯದು ಕೆಳಗೆ. ನಾನು ಬೆರಳು ಮಡಚಿ ಎಣಿಸುತ್ತ ಹೋದೆ. ನಾಲ್ಕು ಹಾಡು ಮುಗಿಯುವ ತನಕ ಆರನೆಯ ಧ್ವನಿ ಒಂದು ಸಲವೂ ಮೇಲಿನ ಮನೆಗೆ ಬರಲಿಲ್ಲ. ಎಲ್ಲಿ ಲೆಕ್ಕ ತಪ್ಪುವಂತಿತ್ತೋ ಅಲ್ಲಿ ಒಂದು ಸ್ವರ ಬಿಟ್ಟಿದ್ದರು, ಎಲ್ಲಿ ಕಡಿಮೆ ಬೀಳುತ್ತಿತ್ತೋ ಅಲ್ಲಿ ಒಂದು ಸೇರಿಸಿದ್ದರು. ನಾಲ್ಕು ಹಾಡುಗಳ ವಾದನವನ್ನು ಶನಿವಾರ ಸಂಜೆಯಿಂದ ಭಾನುವಾರ ಬೆಳಗಿನೊಳಗೆ ಹೊಸದಾಗಿ ಕಟ್ಟಿದ್ದರು. ಶಾಂತಕ್ಕ ಎಲ್ಲೂ ನಿಲ್ಲದೆ ಹಾಡಿದರು. ಅಷ್ಟು ಚೆನ್ನಾಗಿ ಯಾರೂ ಹಾಡಿದ್ದನ್ನು ನಾನು ಹತ್ತಿರದಿಂದ ಕೇಳಿಲ್ಲ. ನನಗೆ ಅಳು ಬಂತು, ನಾಚಿಕೆಯಿಂದಲೂ ಬಂತು.

ಕೆಳಗೆ ಚಹಾದಂಗಡಿಯಲ್ಲಿ ಮಕ್ತುಮ್‌ಸಾಬರಿಗೆ ಹೇಳಿದೆ. "ಆರನೇದು ನಾನ ಮುರದೇನ್ರಿ. ಹೇಳಾಕ ಧೈರ್ಯ ಆಗಲಿಲ್ಲ."

"ನಿನ್ನೇನ ಗೊತ್ತಾತ್ರಿ," ಅಂದರು. "ಭಜನಿಯೊಳಗ ಒಬ್ಬಾಂವಗ ಹಾಡಾಕ ಬರಂಗಿಲ್ಲ ಅಂತ ಹೊರಗ ಹಾಕ್ತೀವೇನು? ಕೈಯಾಗ ತಾಳ ಕೊಟ್ಟು ಕುಂದ್ರಸ್ತೀವಿ."

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಶಾಂತಕ್ಕನಿಗೂ ಹೇಳುತ್ತೇನೆ ಎಂದೆ. ಶಸ್ತ್ರಚಿಕಿತ್ಸೆ ಮುಗಿಯಲಿ, ಆಮೇಲೆ ನೀವುಂಟು ಅವರುಂಟು ಎಂದು ಚಹಾದ ಬಸಿ ಕೆಳಗಿಟ್ಟು ಪಾಳಿಗೆ ಹೊತ್ತಾಯಿತೆಂದು ಎದ್ದರು.

ಕ್ಯಾಸೆಟ್ ಬಂತು, ಓಡಿತು. ಎರಡನೆಯ ಮಗ್ಗುಲಿನ ಆ 'ಧಂ' ಜನರಿಗೆ ಹಿಡಿಸಿತು. ಆರ್ಕೆಸ್ಟ್ರಾದವರು ನನ್ನಲ್ಲಿಗೆ ಬಂದು ನಮ್ಮ ಯಂತ್ರಕ್ಕೂ ಅದನ್ನು ಕೂಡಿಸಿರಿ ಎಂದು ಕೇಳತೊಡಗಿದರು. ಕೆಲವು ವರ್ಷಗಳಲ್ಲಿ ಪೂರ್ತಿ ಡಿಜಿಟಲ್ ಕೀಬೋರ್ಡುಗಳು ಬಂದವು. ತಿರುಪೇ ಇಲ್ಲ, ಕೆಟ್ಟರೆ ಬೋರ್ಡೇ ಬದಲಿ. ನನ್ನಂಥವರ ಕಿವಿಯ ಕೆಲಸ ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಮುಗಿಯದೆ ಉಳಿದದ್ದು ಬೇರೆ.

ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳ ನಂತರ ನಾನು ಬ್ಯಾಡಗಿಗೆ ಹೋದೆ. ತಿರುಪು ಮುರಿದದ್ದನ್ನು ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತ ಹೋಗಿದ್ದೆ. ಗಡ್ಡೆ ಕೆಟ್ಟದ್ದೇನಲ್ಲವಂತೆ, ಶಾಂತಕ್ಕ ಆರಾಮಾಗಿದ್ದರು, ಸಾಲಿಗೂ ಹೋಗುತ್ತಿದ್ದರು. ಮಾತಾಡುವಷ್ಟು ಧ್ವನಿ ಬಂದಿತ್ತು, ಅದೂ ಒಡಕು. ಹಾಡುವ ಧ್ವನಿ ಬಂದಿರಲಿಲ್ಲ. ಬರುವುದಿಲ್ಲ ಎಂದು ಅವರೇ ಹೇಳಿದರು, ಅಂಗಳದಲ್ಲಿ ಒಣಹಾಕಿದ ಬಟ್ಟೆ ತೆಗೆದು ಬರುತ್ತೇನೆ ಎಂಬಷ್ಟು ಸಾದಾ ಮಾತಿನಲ್ಲಿ. ಕುಂದ್ರಿ ಎಂದು ಚಹಾಕ್ಕಿಟ್ಟು ಕ್ಯಾಸೆಟ್ಟಿನ ಎರಡನೆಯ ಮಗ್ಗುಲು ಹಚ್ಚಿದರು. ತಮ್ಮ ಹಳೆಯ ಧ್ವನಿಯನ್ನು ತಲೆ ಬಗ್ಗಿಸಿ ಕೇಳಿದರು. ಆ ಮಂದ್ರ ಸ್ವರ ಬಂದಾಗ ಬೆರಳೆತ್ತಿದರು.

"ಅವತ್ತ ನನಗ ಭಾಳ ಹೆದರಿಕಿ ಇತ್ರಿ," ಅಂದರು ಆ ಒಡಕು ಧ್ವನಿಯಲ್ಲಿ. "ಇದು ಬಂದಾಗೊಮ್ಮೆ ಯಾರೋ ಹಿಂದಿಂದ ಬೆನ್ನ ಮ್ಯಾಲ ಕೈ ಇಟ್ಟಂಗ ಆಗತಿತ್ತು. ಇದನ್ನ ನೀವ ಹಾಕಿದ್ದಂತ? ಮಕ್ತುಮ್‌ಸಾಬ್ರು ಹೇಳ್ಯಾರ."

ಹೌದ್ರಿ ಎಂದೆ. ಅವರು ಕೊಟ್ಟ ಚಹಾ ಕುಡಿದು ಬಸ್ಸು ಹತ್ತಿದೆ.